502 ರಾತ್ರಿ, ಬರಿಮುಖ

ವರ್ಷಕ್ಕೆ 70 ಪಂದ್ಯದಂತೆ 7 ವರ್ಷ, ಎಂಟನೆಯ ವರ್ಷದಲ್ಲಿ ಮತ್ತೆ 12. ಒಟ್ಟು 502. 1955ರ ಅಕ್ಟೋಬರ್‌ನಿಂದ 1962ರ ನವೆಂಬರ್‌ವರೆಗೆ ಗ್ಲೆನ್ ಹಾಲ್ ಎಂಬ ಗೋಲ್‌ಕೀಪರ್ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ತಮ್ಮ ತಂಡದ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಆ 502ರ ಪೈಕಿ ಒಂದರಲ್ಲೂ ಅರ್ಧಕ್ಕೆ ಎದ್ದು ಬರಲಿಲ್ಲ. ಪಂದ್ಯಕ್ಕೆ 60 ನಿಮಿಷ ಎಂದು ಹಿಡಿದರೂ ಲೆಕ್ಕ 30,000 ನಿಮಿಷ ದಾಟುತ್ತದೆ. ಲೀಗ್ ಹಂತ ಮುಗಿದ ಮೇಲೆ ನಡೆಯುವ ಪ್ಲೇ-ಆಫ್ ಪಂದ್ಯಗಳನ್ನು ಸೇರಿಸಿದರೆ ಸಂಖ್ಯೆ 550 ದಾಟುತ್ತದೆ. ಅಷ್ಟೂ ಹೊತ್ತು ಅವರ ಮುಖಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಪಂದ್ಯ ಶುರುವಾಗುವ ಮುಂಚೆ ಅವರು ವಾಂತಿ ಮಾಡಿಕೊಳ್ಳುತ್ತಿದ್ದರು. ಒಂದೆರಡು ಸಲದ ಮಾತಲ್ಲ ಇದು, ವೃತ್ತಿಜೀವನದ ಉದ್ದಕ್ಕೂ ನಡೆದದ್ದು.

ಹಾಕಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ, ಬಿಳಿ ಚೆಂಡು. ಈ ಆಟ ಬೇರೆ. ಇಲ್ಲಿ ಮೈದಾನವೆಂದರೆ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಹಾಸು, ಸುತ್ತ ಮರದ ಗೋಡೆ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ ಕಟ್ಟಿಕೊಂಡ ಆರಾರು ಮಂದಿ. ಚೆಂಡಿನ ಬದಲು ಪಕ್ ಎಂಬ ಕಪ್ಪು ಬಿಲ್ಲೆ. 3 ಇಂಚು ಅಗಲ, 1 ಇಂಚು ದಪ್ಪ, ಸುಮಾರು 160 ಗ್ರಾಂ ತೂಕದ ಗಟ್ಟಿ ರಬ್ಬರು. ಮಂಜಿನ ಮೇಲೆ ಪುಟಿಯದಿರಲೆಂದು ಅದನ್ನು ಆಟಕ್ಕೆ ಮುಂಚೆ ಶೀತಪೆಟ್ಟಿಗೆಯಲ್ಲಿಟ್ಟು ಹೆಪ್ಪುಗಟ್ಟಿಸುತ್ತಾರೆ. ಹಾಗೆ ಕಲ್ಲಾದ ರಬ್ಬರು ಗಂಟೆಗೆ 140–150 ಕಿಲೋಮೀಟರ್ ವೇಗದಲ್ಲಿ ಬರುವಾಗ 6 ಅಡಿ ಅಗಲ, 4 ಅಡಿ ಎತ್ತರದ ಗೋಲಿನ ಬಾಯಿಯಲ್ಲಿ ಒಬ್ಬ ನಿಂತು ತಡೆಯಬೇಕು.

ನೇರವಾಗಿ ಬರುವ ಹೊಡೆತ ಗೋಲ್‌ಕೀಪರ್‌ಗೆ ಅಷ್ಟು ಭಯ ಹುಟ್ಟಿಸುವುದಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಅಪಾಯ ಇರುವುದು ಕಾಣದೆ ಬರುವುದರಲ್ಲಿ. ಎದುರಾಳಿಗಳು ಗೋಲಿನ ಮುಂದೆ ಬೇಕೆಂದೇ ಅಡ್ಡ ನಿಲ್ಲುತ್ತಾರೆ, ಅವರನ್ನು ತಳ್ಳಲು ತನ್ನದೇ ತಂಡದವರೂ ಬಂದು ಸೇರುತ್ತಾರೆ. ಆ ಕಾಲುಗಳ ಕಾಡಿನ ನಡುವೆ ಪಕ್ ಎಲ್ಲಿದೆ ಎಂದು ನೋಡಲು ಕೀಪರ್ ಸೊಂಟ ಬಗ್ಗಿಸಿ, ತಲೆಯನ್ನು ಯಾರದೋ ಮೊಣಕಾಲಿನ ಮಟ್ಟಕ್ಕೆ ಇಳಿಸಿ ಇಣುಕಬೇಕು. ದೂರದಿಂದ ಯಾರೋ ಹೊಡೆದದ್ದು ನಡುವೆ ಯಾರದೋ ಸ್ಟಿಕ್ಕಿಗೆ ತಗುಲಿ ದಿಕ್ಕು ಬದಲಿಸುತ್ತದೆ. ಕೆಳಗೆ ಬರುತ್ತಿದ್ದದ್ದು ಎಗರಿ ಹಣೆಗೆ ಬರುತ್ತದೆ. ರೆಪ್ಪೆ ಬಡಿಯಲೂ ಸಮಯ ಇರುವುದಿಲ್ಲ. 1950ರ ದಶಕದಲ್ಲಿ ಈ ಕೆಲಸವನ್ನು ಎಲ್ಲರೂ ಬರಿಮುಖದಲ್ಲೇ ಮಾಡುತ್ತಿದ್ದರು. ಕಾಲಿಗೆ ಕೂದಲು ತುಂಬಿದ ಚರ್ಮದ ಪ್ಯಾಡು, ಎದೆಗೆ ತೆಳು ಕವಚ, ಕೈಗೆ ಗ್ಲೌಸು. ಪ್ಯಾಡುಗಳು ಬೆವರನ್ನೂ ಕರಗಿದ ಮಂಜಿನ ನೀರನ್ನೂ ಕುಡಿದು ಆಟದ ಕೊನೆಯ ಹೊತ್ತಿಗೆ ಭಾರವಾಗುತ್ತಿದ್ದವು. ಮುಖಕ್ಕೆ ಮಾತ್ರ ಏನೂ ಇಲ್ಲ.

ಹಾಲ್ ಹುಟ್ಟಿದ್ದು 1931ರ ಅಕ್ಟೋಬರ್ 3ರಂದು, ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಹಂಬೋಲ್ಟ್‌ನಲ್ಲಿ. ಕಣ್ಣು ಹಾಯುವಷ್ಟು ದೂರ ಗೋಧಿ ಬೆಳೆಯುವ ಬಯಲುಸೀಮೆ ಅದು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ, ಎಲ್ಲಿ ನೀರು ನಿಂತರೂ ಅದು ಮಕ್ಕಳ ಆಟದ ಅಂಗಳ. ಆಟದ ದೊಡ್ಡ ಹೆಸರುಗಳಲ್ಲೊಬ್ಬರಾದ ಗಾರ್ಡಿ ಹೋವ್ ಕೂಡ ಇದೇ ಪ್ರಾಂತ್ಯದವರು. ಹುಡುಗ ಹಾಲ್ ಮೊದಲು ಗೋಲ್‌ಕೀಪರ್ ಆಗಿರಲಿಲ್ಲ. ಶಾಲೆಯ ತಂಡದ ನಾಯಕನಾಗಿ ಮುಂದಿನ ಸಾಲಿನಲ್ಲಿ ಆಡುತ್ತಿದ್ದ. ಇದ್ದ ಕೀಪರ್ ಬಿಟ್ಟುಹೋದ. ಆ ಜಾಗಕ್ಕೆ ನಿಲ್ಲಿ ಎಂದರೆ ಒಬ್ಬರೂ ಒಪ್ಪಲಿಲ್ಲ, ನಾಯಕ ತಾನೇ ಹೋಗಿ ನಿಂತ. ಯಾರೂ ಬೇಡವೆಂದ ಜಾಗದಲ್ಲಿ ನಿಂತ ಆ ಹುಡುಗ ಮುಂದೆ ಮೂವತ್ತು ವರ್ಷ ಅಲ್ಲಿಂದ ಕದಲಲಿಲ್ಲ.

ಆ ಕಾಲದ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ: ಮಾಂಟ್ರಿಯಲ್, ಟೊರಾಂಟೊ, ಡೆಟ್ರಾಯ್ಟ್, ಶಿಕಾಗೊ, ಬಾಸ್ಟನ್, ನ್ಯೂಯಾರ್ಕ್. ತಂಡಕ್ಕೆ ಒಬ್ಬನೇ ಕೀಪರ್. ಎಂದರೆ ಇಡೀ ಜಗತ್ತಿನಲ್ಲಿ ಆ ಮಟ್ಟದ ನೌಕರಿ ಆರೇ ಆರು. ಹಾಲ್ ಅವರ ದಾಖಲೆಯನ್ನು ಅರ್ಥ ಮಾಡಿಕೊಳ್ಳಲು ನೆನಪಿಡಬೇಕಾದ ಮುಖ್ಯ ಸಂಗತಿ ಇದೇ ಎಂದು ನನಗೆ ಅನ್ನಿಸುತ್ತದೆ. ಕೆಳಗಿನ ಲೀಗ್‌ಗಳಲ್ಲಿ ಹತ್ತಾರು ಮಂದಿ ಆ ಆರರಲ್ಲೊಂದು ಜಾಗ ಖಾಲಿಯಾಗಲಿ ಎಂದು ಕಾಯುತ್ತಿದ್ದರು. ಒಂದು ವಾರ ರಜೆ ಹಾಕಿದರೆ ಆ ವಾರ ಬಂದವನು ಚೆನ್ನಾಗಿ ಆಡಿಬಿಡಬಹುದು. ಆಮೇಲೆ ಕುರ್ಚಿ ಅವನದೇ. ಹಾಲ್ ಸ್ವತಃ ಬಂದದ್ದೂ ಹಾಗೆಯೇ. ಡೆಟ್ರಾಯ್ಟ್ ರೆಡ್ ವಿಂಗ್ಸ್‌ನ ಗೋಲಿನಲ್ಲಿ ಟೆರ್ರಿ ಸಾಚುಕ್ ನಿಂತಿದ್ದರು, ಆ ಕಾಲದ ಅತ್ಯುತ್ತಮ ಕೀಪರ್ ಎಂದು ಹೆಸರಾದವರು. ಅವರಿಗೆ ಪೆಟ್ಟಾದಾಗ 1952–53ರಲ್ಲಿ ಆರು ಪಂದ್ಯ, ಎರಡು ವರ್ಷ ಬಿಟ್ಟು ಮತ್ತೆರಡು ಪಂದ್ಯ ಹಾಲ್‌ಗೆ ಸಿಕ್ಕವು. ಅಷ್ಟರಲ್ಲೇ ಡೆಟ್ರಾಯ್ಟ್‌ನ ಮ್ಯಾನೇಜರ್ ಜ್ಯಾಕ್ ಆಡಮ್ಸ್‌ಗೆ ಈ ಹುಡುಗ ಸಾಕು ಎನ್ನಿಸಿತು. 1955ರಲ್ಲಿ ತಂಡಕ್ಕೆ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಸಾಚುಕ್ ಅವರನ್ನು ಅದೇ ಬೇಸಿಗೆಯಲ್ಲಿ ಬಾಸ್ಟನ್‌ಗೆ ಸಾಗಹಾಕಿದರು. ಆ ವರ್ಷ ಹಾಲ್ 70ಕ್ಕೆ 70 ಪಂದ್ಯ ಆಡಿದರು. ಅವುಗಳಲ್ಲಿ 12ರಲ್ಲಿ ಎದುರಾಳಿಗೆ ಒಂದು ಗೋಲೂ ಕೊಡಲಿಲ್ಲ. ವರ್ಷದ ಅತ್ಯುತ್ತಮ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಅವರದಾಯಿತು.

ಕೀಪರ್‌ಗೆ ಆಟದ ನಡುವೆ ಗಾಯವಾದರೆ ಏನು ಮಾಡುತ್ತಿದ್ದರು? ಆಟ ನಿಲ್ಲಿಸುತ್ತಿದ್ದರು. ಕೀಪರ್ ಒಳಗೆ ಹೋಗುತ್ತಿದ್ದ, ಕ್ರೀಡಾಂಗಣದ ಡಾಕ್ಟರು ಹೊಲಿಗೆ ಹಾಕುತ್ತಿದ್ದರು, ಸಾವಿರಾರು ಪ್ರೇಕ್ಷಕರು ಕೂತು ಕಾಯುತ್ತಿದ್ದರು. ಹದಿನೈದು ಇಪ್ಪತ್ತು ನಿಮಿಷದ ಮೇಲೆ ತುಟಿಗೋ ಹುಬ್ಬಿಗೋ ದಾರ ತೂಗಾಡಿಸಿಕೊಂಡು ಅವನೇ ಮರಳಿ ಬರುತ್ತಿದ್ದ. ಬರಲು ಸಾಧ್ಯವೇ ಇಲ್ಲವೆಂದರೆ ಆತಿಥೇಯ ತಂಡ ಯಾರನ್ನಾದರೂ ಹುಡುಕಿಕೊಡಬೇಕಿತ್ತು. ಡೆಟ್ರಾಯ್ಟ್ ತಂಡದ ಟ್ರೇನರ್ ಲೆಫ್ಟಿ ವಿಲ್ಸನ್ ಎಂಬವರು ಹೀಗೆ ಟೊರಾಂಟೊ ಪರವಾಗಿ ಒಮ್ಮೆ, ಬಾಸ್ಟನ್ ಪರವಾಗಿ ಒಮ್ಮೆ, ತಮ್ಮದೇ ಡೆಟ್ರಾಯ್ಟ್ ತಂಡದ ವಿರುದ್ಧ ಗೋಲು ಕಾದಿದ್ದಾರೆ. ದಿನವೂ ತಾವೇ ಪಟ್ಟಿ ಕಟ್ಟುವ ಆಟಗಾರರ ಹೊಡೆತಗಳಿಗೆ ತಾವೇ ಅಡ್ಡ ನಿಂತರು. ಎರಡನೆಯ ಕೀಪರ್‌ನ ಸಂಬಳ, ಹೋಟೆಲು, ರೈಲು ಟಿಕೆಟ್ಟು ಉಳಿಸಲು ಮಾಲೀಕರು ನಡೆಸಿಕೊಂಡು ಬಂದ ಏರ್ಪಾಡು ಇದು. ಪ್ರತಿ ತಂಡ ಇಬ್ಬರು ಕೀಪರ್‌ಗಳನ್ನು ಸಜ್ಜಾಗಿಡಲೇಬೇಕು ಎಂಬ ನಿಯಮ ಬಂದದ್ದು 1960ರ ದಶಕದ ನಡುವೆ, ಹಾಲ್ ಅವರ ಸರಣಿ ಮುಗಿದ ಮೇಲೆ.

1957ರ ಪ್ಲೇ-ಆಫ್‌ನಲ್ಲಿ ಬಾಸ್ಟನ್ ವಿರುದ್ಧ ಆಡುವಾಗ ಪಕ್ ಹಾಲ್ ಅವರ ಬಾಯಿಗೆ ಬಡಿಯಿತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದು ಆಟ ಮುಗಿಸಿದರು. ಡೆಟ್ರಾಯ್ಟ್ ಆ ಸರಣಿ ಸೋತಿತು, ಆಡಮ್ಸ್ ಕಣ್ಣಲ್ಲಿ ಹಾಲ್ ಸಣ್ಣವರಾದರು. ಆದರೆ ಅವರನ್ನು ಹೊರಗೆ ಕಳಿಸಿದ ಕಾರಣ ಬರೀ ಆಟದ್ದಲ್ಲ. ಆ ವರ್ಷ ಡೆಟ್ರಾಯ್ಟ್‌ನ ಟೆಡ್ ಲಿಂಡ್ಸೆ ಆರೂ ತಂಡಗಳ ಆಟಗಾರರನ್ನು ಸೇರಿಸಿ ಸಂಘ ಕಟ್ಟಲು ಹೊರಟಿದ್ದರು. ಪಿಂಚಣಿ ಹಣದ ಲೆಕ್ಕ ತೋರಿಸಿ ಎಂಬುದು ಅವರ ದೊಡ್ಡ ಬೇಡಿಕೆಗಳಲ್ಲೊಂದು. ಮಾಲೀಕರಿಗೆ ಸಿಟ್ಟು ಬಂತು. ಲಿಂಡ್ಸೆ ಜತೆ ಮಾತು ಬಿಡಬೇಕು ಎಂಬುದು ಮೇಲಿನವರ ಇಷ್ಟ, ಹಾಲ್ ಬಿಡಲಿಲ್ಲ. 1957ರ ಜುಲೈಯಲ್ಲಿ ಇಬ್ಬರನ್ನೂ ಒಟ್ಟಿಗೆ ಶಿಕಾಗೊ ಬ್ಲ್ಯಾಕ್ ಹಾಕ್ಸ್‌ಗೆ ರವಾನಿಸಿದರು. ಆಗ ಶಿಕಾಗೊ ಎಂದರೆ ಲೀಗ್‌ನ ಕೊನೆಯ ಮೆಟ್ಟಿಲು, ಎದುರು ಮಾತಾಡಿದವರನ್ನು ಎಸೆಯುವ ಜಾಗ. ಅದರ ಹಿಂದಿನ ಹತ್ತಾರು ವರ್ಷ ಆ ತಂಡ ಬಹುಪಾಲು ತಳದಲ್ಲೇ ಬಿದ್ದಿತ್ತು. ಸಂಘ ಆ ಸಲ ಮುರಿದುಬಿತ್ತು. ಆಟಗಾರರಿಗೆ ಗಟ್ಟಿಯಾದ ಸಂಘ ಸಿಗಲು ಮತ್ತೂ ಹತ್ತು ವರ್ಷ ಬೇಕಾಯಿತು. ಆದರೆ ಎಸೆದ ಜಾಗದಲ್ಲೇ ಹಾಲ್ ಬೇರೂರಿದರು.

ಈಗ ಆ ವಾಂತಿಯ ವಿಷಯ. ಈ ಆಟದ ಬಗ್ಗೆ ಬರೆಯುವವರು ಇದನ್ನು ಒಂದು ತಮಾಷೆಯ ಅಡಿಟಿಪ್ಪಣಿಯಾಗಿ ಹೇಳಿ ಮುಂದೆ ಹೋಗುವುದುಂಟು. ನನಗೆ ಇಡೀ ಬದುಕಿನ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಪಂದ್ಯದ ದಿನ ಬೆಳಗಾದರೆ ಹಾಲ್ ಮಾತು ಕಡಿಮೆ ಮಾಡುತ್ತಿದ್ದರು. ಹೊಟ್ಟೆ ಕಿವುಚಲು ಶುರುವಾಗುತ್ತಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಪ್ಯಾಡು ಕಟ್ಟಿಕೊಂಡ ಮೇಲೆ ವಾಂತಿ, ಕೆಲವು ಸಲ ಆಟದ ನಡುವಿನ ಬಿಡುವಿನಲ್ಲೂ. ಜತೆಯವರಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಆ ಸದ್ದು ಕೇಳಿಸಿದರೆ ಇವತ್ತು ಕೀಪರ್ ಸರಿಯಿದ್ದಾರೆ ಎಂದುಕೊಳ್ಳುತ್ತಿದ್ದರು. ಹಾಲ್ ಇದನ್ನು ಯಾವತ್ತೂ ಮುಚ್ಚಿಡಲಿಲ್ಲ. ಹೊಟ್ಟೆ ತೊಳಸದ ದಿನ ತಾನು ಆಟಕ್ಕೆ ಸರಿಯಾಗಿ ತಯಾರಾಗಿಲ್ಲ ಎಂದೇ ಅನ್ನಿಸುತ್ತಿತ್ತು ಎಂದು ಮುಂದೆ ಹೇಳಿಕೊಂಡಿದ್ದಾರೆ. ಆಟದ ಆ ಒಂದು ಗಂಟೆ ತಮಗೆ ನರಕವಾಗಿತ್ತು ಎಂದೂ ಹೇಳಿದ್ದಾರೆ.

ಅವರೊಬ್ಬರ ಕಥೆಯಲ್ಲ ಇದು. ಟೊರಾಂಟೊಗೆ 1945ರಲ್ಲಿ ಕಪ್ ಗೆದ್ದುಕೊಟ್ಟ ಫ್ರ್ಯಾಂಕ್ ಮೆಕೂಲ್ ಅಂತಿಮ ಸರಣಿಯ ಮೊದಲ ಮೂರು ಪಂದ್ಯಗಳಲ್ಲಿ ಒಂದು ಗೋಲೂ ಬಿಡಲಿಲ್ಲ. ಹೊಟ್ಟೆ ಹುಣ್ಣಿನ ನೋವಿಗೆ ಬಿಡುವಿನಲ್ಲಿ ಹಾಲು ಕುಡಿಯುತ್ತ ಆಡಿದರು, ಹೆಚ್ಚು ದಿನ ಲೀಗ್‌ನಲ್ಲಿ ಉಳಿಯಲಿಲ್ಲ. ಮಾಂಟ್ರಿಯಲ್‌ನ ಬಿಲ್ ಡರ್ನನ್ ಏಳು ವರ್ಷದಲ್ಲಿ ಆರು ಸಲ ವೆಜಿನಾ ಟ್ರೋಫಿ ಪಡೆದವರು. ಆಗ ಆ ಟ್ರೋಫಿ ಸಿಗುತ್ತಿದ್ದದ್ದು ವರ್ಷದಲ್ಲಿ ಅತಿ ಕಡಿಮೆ ಗೋಲು ಬಿಟ್ಟ ತಂಡದ ಕೀಪರ್‌ಗೆ. 1950ರ ಪ್ಲೇ-ಆಫ್ ನಡೆಯುತ್ತಿರುವಾಗಲೇ ಡರ್ನನ್ ಇನ್ನು ತನ್ನಿಂದಾಗದು ಎಂದು ಕೈಚೆಲ್ಲಿದರು. ಅವರ ಜಾಗಕ್ಕೆ ಬಂದ ಜೆರ್ರಿ ಮೆಕ್‌ನೀಲ್ ಕೂಡ ನಾಲ್ಕು ವರ್ಷದ ಮೇಲೆ ಅದೇ ಒತ್ತಡ ತಾಳದೆ ಬಿಟ್ಟರು. ಸಾಚುಕ್ ಅವರ ಮುಖದಲ್ಲಿ ನೂರಾರು ಹೊಲಿಗೆಯ ಗುರುತು, ಮನಸ್ಸಿನಲ್ಲಿ ಅದಕ್ಕಿಂತ ಆಳದ ಗಾಯ. ನಲವತ್ತು ವರ್ಷ ತುಸು ದಾಟಿದಾಗಲೇ, 1970ರಲ್ಲಿ, ತೀರಿಕೊಂಡರು. ಇವರೆಲ್ಲ ದುರ್ಬಲರಲ್ಲ, ಆ ಕೆಲಸದಲ್ಲಿ ಎಲ್ಲರಿಗಿಂತ ಮೇಲಿದ್ದವರು. ಇಂದಾದರೆ ಅವರ ಜತೆ ಮಾತಾಡಲು ಒಬ್ಬ ಮನಶ್ಶಾಸ್ತ್ರಜ್ಞರು ಇರುತ್ತಿದ್ದರು, ವಾರಕ್ಕೊಂದು ದಿನ ವಿಶ್ರಾಂತಿ ಇರುತ್ತಿತ್ತು. ಆಗ ಇದ್ದದ್ದು ಮುಂದಿನ ರೈಲು ಮಾತ್ರ. ಶನಿವಾರ ರಾತ್ರಿ ಊರಲ್ಲಿ ಆಡಿ, ಬೆವರು ಆರುವ ಮೊದಲೇ ರೈಲು ಹತ್ತಿ, ಭಾನುವಾರ ರಾತ್ರಿ ಇನ್ನೊಂದು ಊರಲ್ಲಿ ಆಡುವುದು.

ಹಾಗಾಗಿ ಹಾಲ್ ಅವರನ್ನು ಭಯವಿಲ್ಲದ ಮನುಷ್ಯ ಎಂದು ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಭಯವಿಲ್ಲದವನಿಗೆ ಗೋಲಿನಲ್ಲಿ ನಿಲ್ಲುವುದು ಕಷ್ಟದ ಕೆಲಸವೇನಲ್ಲ. ಇವರಿಗೆ ಪ್ರತಿ ರಾತ್ರಿ ಭಯ ಬರುತ್ತಿತ್ತು, ಬಂದದ್ದನ್ನು ದೇಹ ಹೊರಗೆ ಹಾಕುತ್ತಿತ್ತು, ಆಮೇಲೆ ಇವರು ಬಾಯಿ ತೊಳೆದುಕೊಂಡು ಮಂಜಿನ ಮೇಲೆ ಕಾಲಿಡುತ್ತಿದ್ದರು. ಮರುದಿನ ಮೊದಲಿಂದ ಅದೇ. 502 ಎಂಬ ಸಂಖ್ಯೆಯನ್ನು ಆಡಿದ ಪಂದ್ಯಗಳ ಲೆಕ್ಕವಾಗಿ ಓದಿದರೆ ಅರ್ಧ ಮಾತ್ರ ಓದಿದಂತೆ.

ಇಷ್ಟು ಸಂಕಟಪಟ್ಟು ಅವರು ಆಡುತ್ತಿದ್ದ ಆಟ ಮಾತ್ರ ಸೊಗಸಾಗಿತ್ತು. ಅಲ್ಲಿಯವರೆಗೆ ಕೀಪರ್‌ಗಳಿಗೆ ಕಲಿಸುತ್ತಿದ್ದದ್ದು ನಿಂತೇ ಆಡು, ಮಂಜಿಗೆ ಬೀಳಬೇಡ ಎಂದು. ಒಮ್ಮೆ ಬಿದ್ದವನು ಮೇಲೇಳುವಷ್ಟರಲ್ಲಿ ಗೋಲು ಆಗಿರುತ್ತದೆ ಎಂಬುದು ಹಿರಿಯರ ತರ್ಕ. ನಿಂತೇ ತಡೆಯುವವರ ಮುಖ ಪಕ್ಕಿಗೆ ಸ್ವಲ್ಪ ದೂರವೂ ಇರುತ್ತಿತ್ತು. ಹಾಲ್ ಬೇರೆ ದಾರಿ ಹಿಡಿದರು. ಮೊಣಕಾಲುಗಳನ್ನು ಒಂದಕ್ಕೊಂದು ಹತ್ತಿರ ತಂದು, ಪಾದಗಳನ್ನು ದೂರ ಇಟ್ಟು ನಿಲ್ಲುವರು. ಹೊಡೆತ ಬಂದ ಕ್ಷಣ ಮೊಣಕಾಲೂರಿ ಕುಸಿಯುವರು. ಎರಡೂ ಪ್ಯಾಡುಗಳು ಎಡಕ್ಕೊಂದು ಬಲಕ್ಕೊಂದು ರೆಕ್ಕೆಯಂತೆ ಬಿಚ್ಚಿಕೊಂಡು ಗೋಲಿನ ತಳವನ್ನು ಪೂರ್ತಿ ಮುಚ್ಚುವವು. ಸೊಂಟದಿಂದ ಮೇಲೆ ಮೈ ಮಾತ್ರ ನೆಟ್ಟಗೇ ಇರುತ್ತಿತ್ತು, ಕೈಗಳು ಮೇಲಿನ ಮೂಲೆಗಳಿಗೆ ಸಿದ್ಧ. ಪಕ್ ತಗುಲಿ ಚಿಮ್ಮಿದ ಮರುಗಳಿಗೆ ಎದ್ದು ಮತ್ತೆ ನಿಂತಿರುತ್ತಿದ್ದರು. ಇದಕ್ಕೆ ಬಟರ್‌ಫ್ಲೈ ಶೈಲಿ ಎಂದು ಹೆಸರಾಯಿತು. ನೋಡಿದವರು ಮೂಗು ಮುರಿದರು. ಬರಿಮುಖದವನು ತಾನಾಗಿ ಪಕ್ಕಿನ ಮಟ್ಟಕ್ಕೆ ಮುಖ ಇಳಿಸುವುದೆಂದರೆ ಹುಚ್ಚು ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಆದರೆ ಗೋಲುಗಳು ಕಡಿಮೆಯಾಗುತ್ತ ಬಂದವು. ಇವರ ನಂತರ ಶಿಕಾಗೊದ ಟೋನಿ ಎಸ್ಪೊಸಿಟೊ, ಆಮೇಲೆ ಮಾಂಟ್ರಿಯಲ್‌ನ ಪ್ಯಾಟ್ರಿಕ್ ರ್ವಾ ಈ ಶೈಲಿಯನ್ನು ಬೆಳೆಸಿದರು. ಇವತ್ತು ಜಗತ್ತಿನ ಯಾವ ರಿಂಕಿಗೆ ಹೋದರೂ ಹತ್ತು ವರ್ಷದ ಕೀಪರ್‌ಗೆ ಮೊದಲು ಕಲಿಸುವುದು ಈ ಮೊಣಕಾಲೂರುವ ಚಲನೆಯನ್ನೇ.

ಶಿಕಾಗೊದಲ್ಲಿ ಅವರ ಜತೆ ಬಾಬಿ ಹಲ್ ಮತ್ತು ಸ್ಟ್ಯಾನ್ ಮಿಕಿಟಾ ಇದ್ದರು. ಸ್ಟಿಕ್ಕನ್ನು ಹಿಂದಕ್ಕೆತ್ತಿ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್‌ನಲ್ಲಿ ಹಲ್ ಅವರಷ್ಟು ಭಯ ಹುಟ್ಟಿಸಿದವರು ಆಗ ಇನ್ನೊಬ್ಬರಿಲ್ಲ. ಮಿಕಿಟಾ ಅಭ್ಯಾಸದಲ್ಲಿ ಬಾಗಿಹೋದ ಸ್ಟಿಕ್ಕಿನಿಂದ ಹೊಡೆದು ನೋಡಿ, ಬಾಗಿದ ಅಲಗು ಪಕ್ಕನ್ನು ವಿಚಿತ್ರವಾಗಿ ತೇಲಿಸುತ್ತದೆ ಎಂದು ಕಂಡುಕೊಂಡರು. ಇಬ್ಬರೂ ಬೇಕೆಂದೇ ಸ್ಟಿಕ್ಕು ಬಾಗಿಸತೊಡಗಿದರು. ಹೊಡೆದವನಿಗೂ ಗೊತ್ತಿರದ ದಿಕ್ಕಿಗೆ ಪಕ್ ತಿರುಗುತ್ತಿತ್ತು. ಎದುರಾಳಿ ಕೀಪರ್‌ಗಳು ಅವರನ್ನು ವರ್ಷಕ್ಕೆ 14 ಸಲ ಎದುರಿಸಿದರೆ ಸಾಕಿತ್ತು, ಹಾಲ್‌ಗೆ ದಿನಾ ಅಭ್ಯಾಸದಲ್ಲಿ ಅದೇ.

1961ರ ವಸಂತ ಶಿಕಾಗೊಗೆ ಒಲಿಯಿತು. ಎದುರಿಗಿದ್ದದ್ದು 1956ರಿಂದ ಸತತ ಐದು ವರ್ಷ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ಮಾಂಟ್ರಿಯಲ್. ಸೆಮಿಫೈನಲ್ ಸರಣಿಯ ಮೂರನೆಯ ಪಂದ್ಯ ಸಮಬಲವಾಗಿ, ಹೆಚ್ಚುವರಿ ಅವಧಿ ಮೂರಕ್ಕೆ ಹೋಗಿ, ಕೊನೆಗೆ ಶಿಕಾಗೊ 2–1ರಿಂದ ಗೆದ್ದಿತು. ತೀರ್ಪಿನಿಂದ ಕೆರಳಿದ ಮಾಂಟ್ರಿಯಲ್ ಕೋಚ್ ಟೋ ಬ್ಲೇಕ್ ಮಂಜಿನ ಮೇಲೆ ಓಡಿಹೋಗಿ ರೆಫರಿಯ ಮೇಲೆ ಕೈ ಮಾಡಿ 2,000 ಡಾಲರ್ ದಂಡ ತೆತ್ತರು. ಐದು ಮತ್ತು ಆರನೆಯ ಪಂದ್ಯಗಳನ್ನು ಶಿಕಾಗೊ 3–0, 3–0ರಿಂದ ಗೆದ್ದಿತು. ಎಂದರೆ ಆ ಕಾಲದ ಅತಿ ಬಲಿಷ್ಠ ತಂಡಕ್ಕೆ 120 ನಿಮಿಷ ಹಾಲ್ ಒಂದು ಗೋಲೂ ಕೊಡಲಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಡೆಟ್ರಾಯ್ಟ್, ತಮ್ಮನ್ನು ಎಸೆದಿದ್ದ ಅದೇ ತಂಡ. ಏಪ್ರಿಲ್ 16ರಂದು ಆರನೆಯ ಪಂದ್ಯದಲ್ಲಿ ಸರಣಿ ಮುಗಿಯಿತು. ಶಿಕಾಗೊಗೆ 1938ರ ನಂತರ ಸಿಕ್ಕ ಮೊದಲ ಕಪ್ ಅದು. ಮುಂದಿನದಕ್ಕೆ 2010ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಮುಖಕ್ಕೆ ಮಾಸ್ಕ್ ಬಂದಾಗಿತ್ತು. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಮಾಂಟ್ರಿಯಲ್ ಕೀಪರ್ ಜ್ಯಾಕ್ ಪ್ಲಾಂಟ್ ಅವರ ಮೂಗು, ತುಟಿ ಸೀಳಿತು. ಪ್ಲಾಂಟ್ ಹೊಲಿಗೆ ಹಾಕಿಸಿಕೊಂಡು ಬಂದು ಒಂದು ಷರತ್ತು ಇಟ್ಟರು: ಅಭ್ಯಾಸದಲ್ಲಿ ತೊಡುವ ಫೈಬರ್‌ಗ್ಲಾಸ್ ಮುಖವಾಡ ತೊಡಲು ಬಿಟ್ಟರೆ ಆಡುತ್ತೇನೆ, ಇಲ್ಲವೆಂದರೆ ಇಲ್ಲ. ಕೋಚ್ ಬ್ಲೇಕ್‌ಗೆ ಇಷ್ಟವಿರಲಿಲ್ಲ. ಆದರೆ ಬೇರೆ ಕೀಪರ್ ಎಲ್ಲಿದ್ದ? ಎರಡನೆಯವನನ್ನು ಇಟ್ಟುಕೊಳ್ಳದ ಜಿಪುಣತನ ಆ ರಾತ್ರಿ ಕೀಪರ್‌ನ ಕೈಗೆ ಅಸ್ತ್ರವಾಯಿತು. ಮಾಂಟ್ರಿಯಲ್ 3–1ರಿಂದ ಗೆದ್ದಿತು, ಮಾಸ್ಕ್ ಉಳಿದುಕೊಂಡಿತು. ಆದರೂ ಅದು ಎಲ್ಲರ ಮುಖಕ್ಕೂ ಏರಲು ಹದಿನೈದು ವರ್ಷ ಹಿಡಿಯಿತು. ಪಿಟ್ಸ್‌ಬರ್ಗ್‌ನ ಆಂಡಿ ಬ್ರೌನ್ 1974ರಲ್ಲೂ ಬರಿಮುಖದಲ್ಲಿ ಆಡಿದರು, ಆ ಲೀಗ್‌ನಲ್ಲಿ ಹಾಗೆ ಆಡಿದ ಕೊನೆಯವರು ಅವರು. ಮಾಸ್ಕ್ ತೊಟ್ಟರೆ ಕಾಲ ಬುಡದ ಪಕ್ ಕಾಣುವುದಿಲ್ಲ ಎಂಬುದು ಒಂದು ವಾದ. ಹೆದರುಪುಕ್ಕಲ ಎಂದಾರು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ. ಕೋಚ್‌ಗಳು, ಮ್ಯಾನೇಜರ್‌ಗಳು ಬೆಚ್ಚಗಿನ ಕೋಟು ತೊಟ್ಟು ಬೆಂಚಿನ ಹಿಂದೆ ನಿಂತು ಪರರ ಕಣ್ಣು, ಹಲ್ಲುಗಳನ್ನು ಪಣಕ್ಕಿಟ್ಟದ್ದನ್ನು ಓದುವಾಗ ಇವತ್ತಿಗೂ ಮೈ ಉರಿಯುತ್ತದೆ.

ಇಷ್ಟೆಲ್ಲ ದಾಟಿ ಬಂದ ಸರಣಿ ನಿಂತದ್ದು ಪಕ್ಕಿನ ಪೆಟ್ಟಿನಿಂದಲ್ಲ. 1962ರ ನವೆಂಬರ್ ಮೊದಲ ವಾರ, ಅಭ್ಯಾಸಕ್ಕೆ ಸಿದ್ಧವಾಗುತ್ತ ಹಾಲ್ ಪ್ಯಾಡಿನ ತುದಿಯ ಚರ್ಮದ ಪಟ್ಟಿಯನ್ನು ಸ್ಕೇಟಿಗೆ ಬಿಗಿಯಲು ಬಗ್ಗಿದರು. ಆ ಪಟ್ಟಿಯನ್ನು ಸಾವಿರಾರು ಸಲ ಬಿಗಿದಿದ್ದಾರು. ಈ ಸಲ ನಡುವಿನಲ್ಲಿ ಏನೋ ಹಿಡಿದುಕೊಂಡಿತು. ನವೆಂಬರ್ 7ರ ರಾತ್ರಿ ಶಿಕಾಗೊ ಸ್ಟೇಡಿಯಂನಲ್ಲಿ ಬಾಸ್ಟನ್ ವಿರುದ್ಧ ಪಂದ್ಯ. ನೋವು ನುಂಗಿಕೊಂಡು ಗೋಲಿಗೆ ಬಂದರು. ಮೊದಲ ಅವಧಿಯಲ್ಲಿ ಬಾಸ್ಟನ್‌ನ ಮರ್ರೆ ಆಲಿವರ್ ಹೊಡೆದದ್ದು ಒಳಗೆ ಹೋಯಿತು. ಬಗ್ಗಲು ಆಗುತ್ತಿರಲಿಲ್ಲ. ಹತ್ತು ನಿಮಿಷ ಕಳೆದಿತ್ತು. ಹಾಲ್ ಬೆಂಚಿನತ್ತ ಜಾರಿಕೊಂಡು ಬಂದು ಕೋಚ್ ರೂಡಿ ಪಿಲಸ್‌ಗೆ ಆಗದು ಎಂದರು. ಡೆನಿಸ್ ಡಿಜಾರ್ಡಿ ಎಂಬ ಎಳೆಯ ಕೀಪರ್ ಒಳಗೆ ಹೋದರು. ಏಳು ವರ್ಷದಲ್ಲಿ ಮೊದಲ ಬಾರಿ ಹಾಲ್ ತಂಡದ ಗೋಲಿನಲ್ಲಿ ಬೇರೊಬ್ಬರು ನಿಂತರು. ಮುಂದಿನ ಪಂದ್ಯಕ್ಕೂ ಹಾಲ್‌ಗೆ ಬರಲಾಗಲಿಲ್ಲ. ಬೆನ್ನು ಸುಧಾರಿಸಿದ ಮೇಲೆ ಬಂದವರು ಅದೇ ವರ್ಷ ತಮ್ಮ ಮೊದಲ ವೆಜಿನಾ ಟ್ರೋಫಿ ಪಡೆದರು.

ಆಮೇಲಿನ ವರ್ಷಗಳಲ್ಲಿ ಹಾಲ್ ನಿವೃತ್ತಿಯ ಮಾತು ಎತ್ತದ ಬೇಸಿಗೆ ಕಡಿಮೆ. ಎಡ್ಮಂಟನ್‌ನ ಪಶ್ಚಿಮಕ್ಕೆ ಸ್ಟೋನಿ ಪ್ಲೇನ್ ಎಂಬಲ್ಲಿ ಅವರೂ ಹೆಂಡತಿ ಪಾಲಿನ್‌ರೂ ಜಮೀನು ಕೊಂಡಿದ್ದರು. ಶರತ್ಕಾಲದಲ್ಲಿ ತಂಡ ತರಬೇತಿ ಶಿಬಿರಕ್ಕೆ ಕರೆದರೆ, ಕೊಟ್ಟಿಗೆಗೆ ಬಣ್ಣ ಬಳಿಯುವುದು ಇನ್ನೂ ಮುಗಿದಿಲ್ಲ ಎಂಬ ಉತ್ತರ ಹೋಗುತ್ತಿತ್ತು. ವರ್ಷ ಬಿಟ್ಟು ವರ್ಷ ಅದೇ ಕೊಟ್ಟಿಗೆ, ಅದೇ ಬಣ್ಣ. ಆಟಗಾರರ ವಲಯದಲ್ಲಿ ಇದು ದೊಡ್ಡ ನಗೆಯ ಮಾತಾಯಿತು. ಬಯಲಿನ ಗಾಳಿಯಲ್ಲಿ ಇನ್ನೊಂದು ವಾರ ಉಳಿದರೆ ಹೊಟ್ಟೆ ತೊಳಸದ ಒಂದು ವಾರ ಹೆಚ್ಚಿಗೆ ಸಿಗುತ್ತದೆ, ಅಷ್ಟೇ ಅವರಿಗೆ ಬೇಕಿದ್ದದ್ದು.

1967ರಲ್ಲಿ ಲೀಗ್ ಆರರಿಂದ ಹನ್ನೆರಡು ತಂಡಕ್ಕೆ ಬೆಳೆಯಿತು. ಶಿಕಾಗೊ ಬಿಟ್ಟುಕೊಟ್ಟ 35ರ ಹಾಲ್ ಅವರನ್ನು ಹೊಸ ಸೇಂಟ್ ಲೂಯಿಸ್ ಬ್ಲೂಸ್ ತಂಡ ಆರಿಸಿಕೊಂಡಿತು. ಮೊದಲ ವರ್ಷವೇ ಆ ತಂಡ ಫೈನಲ್ ಮುಟ್ಟಿ ಮಾಂಟ್ರಿಯಲ್‌ಗೆ ನಾಲ್ಕಕ್ಕೆ ನಾಲ್ಕು ಪಂದ್ಯ ಸೋತಿತು. ಆದರೆ ನಾಲ್ಕೂ ಒಂದೊಂದೇ ಗೋಲಿನ ಸೋಲು, ಎರಡು ಹೆಚ್ಚುವರಿ ಅವಧಿಯಲ್ಲಿ. ಪ್ಲೇ-ಆಫ್‌ನ ಅತ್ಯುತ್ತಮ ಆಟಗಾರನಿಗೆ ಮೀಸಲಾದ ಕಾನ್ ಸ್ಮೈತ್ ಟ್ರೋಫಿ ಸೋತ ತಂಡದ ಹಾಲ್‌ಗೇ ಸಿಕ್ಕಿತು. ಮರುವರ್ಷ ಅವರ ಜೊತೆಗಾರರಾಗಿ ಬಂದವರು ಯಾರು? ಮಾಸ್ಕ್ ತಂದ ಪ್ಲಾಂಟ್. ಒಬ್ಬರಿಗೆ 37, ಇನ್ನೊಬ್ಬರಿಗೆ 40. ಇಬ್ಬರೂ ಪಂದ್ಯಗಳನ್ನು ಹಂಚಿಕೊಂಡು ಒಟ್ಟು 13 ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ ಕೊಟ್ಟು ವೆಜಿನಾ ಟ್ರೋಫಿಯನ್ನೂ ಹಂಚಿಕೊಂಡರು. ಹಂಚಿಕೊಂಡು ಆಡಬಹುದು ಎಂಬುದನ್ನು ಲೀಗ್ ಹದಿನೈದು ವರ್ಷ ಮೊದಲೇ ಒಪ್ಪಿದ್ದರೆ ಎಷ್ಟು ಮಂದಿಯ ನರಗಳು ಉಳಿಯುತ್ತಿದ್ದವೋ.

ಆ ವರ್ಷವೇ ಹಾಲ್ ಕೂಡ ಮಾಸ್ಕ್ ತೊಟ್ಟರು. 1968ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ವಿರುದ್ಧ ಮೊದಲ ಸಲ ತೊಟ್ಟುಕೊಂಡು ಇಳಿದ ಪಂದ್ಯದಲ್ಲಿ ಎರಡೇ ನಿಮಿಷಕ್ಕೆ ರೆಫರಿಯ ಜತೆ ಜಟಾಪಟಿಯಾಗಿ ಹೊರಹಾಕಿಸಿಕೊಂಡರು. ಬೆಂಚಿನಲ್ಲಿದ್ದ ರಾಬಿ ಐರನ್ಸ್ ಎಂಬ ಹುಡುಗ ಮೂರು ನಿಮಿಷ ಗೋಲು ಕಾದ, ಅಷ್ಟರಲ್ಲಿ ಪ್ಲಾಂಟ್ ಸಜ್ಜಾಗಿ ಬಂದರು. ಐರನ್ಸ್‌ಗೆ ಆ ಲೀಗ್‌ನಲ್ಲಿ ಜೀವಮಾನದಲ್ಲಿ ಸಿಕ್ಕದ್ದು ಆ ಮೂರೇ ನಿಮಿಷ.

ಹಾಕಿಯ ಅತಿ ಪ್ರಸಿದ್ಧ ಫೋಟೋದಲ್ಲಿ ಹಾಲ್ ಇದ್ದಾರೆ, ಆದರೆ ನೋಡಿದವರ ಕಣ್ಣು ಅವರತ್ತ ಹೋಗುವುದಿಲ್ಲ. 1970ರ ಮೇ 10, ಬಾಸ್ಟನ್. ಹೆಚ್ಚುವರಿ ಅವಧಿಯ 40ನೆಯ ಸೆಕೆಂಡಿನಲ್ಲಿ ಬಾಸ್ಟನ್ ತಂಡದ 22ರ ಬಾಬಿ ಓರ್ ಹಾಲ್ ವಿರುದ್ಧ ಗೋಲು ಹೊಡೆದು, ಎದುರಾಳಿಯ ಸ್ಟಿಕ್ಕಿಗೆ ಎಡವಿ, ಕೈ ಚಾಚಿ ಗಾಳಿಯಲ್ಲಿ ತೇಲುತ್ತಿದ್ದಾನೆ. ರೇ ಲೂಸಿಯರ್ ತೆಗೆದ ಆ ಚಿತ್ರ ಮುಂದೆ ಕಂಚಿನ ಪ್ರತಿಮೆಯೂ ಆಗಿ ಬಾಸ್ಟನ್‌ನ ಕ್ರೀಡಾಂಗಣದ ಹೊರಗೆ ನಿಂತಿದೆ. ಚಿತ್ರದ ಪಕ್ಕದಲ್ಲಿ ಗೋಲಿನ ಕಂಬ ಹಿಡಿದಿರುವ ಮಾಸ್ಕ್‌ಧಾರಿಯೇ 38ರ ಹಾಲ್. ಮರುವರ್ಷ ಅವರು ಆಟ ಬಿಟ್ಟರು. ಒಟ್ಟು 906 ಪಂದ್ಯ, 407 ಗೆಲುವು, 84 ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ. 1975ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು. ಅವರ 1ನೆಯ ಸಂಖ್ಯೆಯ ಅಂಗಿಯನ್ನು ಶಿಕಾಗೊ ಮತ್ತಾರಿಗೂ ಕೊಡದೆ ತೆಗೆದಿರಿಸಿತು. 1989ರಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ಸ್ಟ್ಯಾನ್ಲಿ ಕಪ್ ಗೆದ್ದಾಗ ಆ ತಂಡದ ಕೀಪರ್‌ಗಳಿಗೆ ಪಾಠ ಹೇಳುತ್ತಿದ್ದವರು ಹಾಲ್.

502ರ ಸಮೀಪಕ್ಕೆ ಯಾರೂ ಬಂದಿಲ್ಲ, ಬರುವುದೂ ಇಲ್ಲ. ಬರಬಾರದು ಎಂದೇ ನಾನು ಬಯಸುತ್ತೇನೆ. ಮುಂದೆ ಓಡಾಡಿ ಆಡುವವರಲ್ಲಿ ಫಿಲ್ ಕೆಸಲ್ ಸತತ 1,064 ಪಂದ್ಯ ಆಡಿದ್ದಾರೆ, ಆದರೆ ಅವರು ಪಂದ್ಯದ ಮೂರನೆಯ ಒಂದು ಭಾಗದಷ್ಟು ಹೊತ್ತು ಮಂಜಿನ ಮೇಲಿದ್ದು ಉಳಿದ ಹೊತ್ತು ಬೆಂಚಿನಲ್ಲಿ ಉಸಿರು ತೆಗೆದುಕೊಳ್ಳುವವರು. ಗೋಲ್‌ಕೀಪರ್‌ಗಳು ಈಗ 82ರಲ್ಲಿ 60 ಆಡಿದರೆ ಅದೇ ಹೆಚ್ಚು. ಹಾಲ್ ಅವರ ಹಾದಿಯಲ್ಲಿ ತುಸು ದೂರ ನಡೆದವರೆಂದರೆ ಗ್ರ್ಯಾಂಟ್ ಫ್ಯೂರ್. ಅವರು ಬೆಳೆದದ್ದು ಸ್ಟೋನಿ ಪ್ಲೇನ್‌ಗೆ ಅಂಟಿಕೊಂಡಂತಿರುವ ಸ್ಪ್ರೂಸ್ ಗ್ರೋವ್‌ನಲ್ಲಿ, ಆ ಕೊಟ್ಟಿಗೆಯ ನೆರೆಯೂರಿನಲ್ಲಿ. 1995–96ರಲ್ಲಿ, ಹಾಲ್ ಆಡಿದ್ದ ಅದೇ ಸೇಂಟ್ ಲೂಯಿಸ್ ಪರವಾಗಿ ಫ್ಯೂರ್ ಒಂದೇ ವರ್ಷದಲ್ಲಿ 79 ಪಂದ್ಯ ಆಡಿದರು. ಅವುಗಳಲ್ಲಿ 76 ಸತತ. ಮುಖಕ್ಕೆ ಮಾಸ್ಕ್ ಇತ್ತು, ಬೆಂಚಿನಲ್ಲಿ ಇನ್ನೊಬ್ಬ ಕೀಪರ್ ಸಜ್ಜಾಗಿ ಕೂತಿದ್ದ.